ಹಳೆ ಡೆಸ್ಕ್‌ಟಾಪ್‌ನಲ್ಲಿ ಬೂಟ್ ಆಗುವ ಪೆನ್‌ಡ್ರೈವ್ ಲ್ಯಾಪ್‌ಟಾಪ್‌ನಲ್ಲಿ ಯಾಕೆ ಆಗುವುದಿಲ್ಲ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ 2021ರದ್ದು. 11ನೇ ತಲೆಮಾರಿನ ಐ5, 512 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 10ಕ್ಕೆ ಬೆಂಬಲ ನಿಂತಿದ್ದರಿಂದ ವಿಂಡೋಸ್ 11 ಹೊಸದಾಗಿ ಹಾಕೋಣ ಎಂದು ರೂಫಸ್ ಎಂಬ, ಬೂಟ್ ಪೆನ್‌ಡ್ರೈವ್ ತಯಾರಿಸುವ ಪ್ರೋಗ್ರಾಮಿನಲ್ಲಿ 32 ಜಿಬಿ ಪೆನ್‌ಡ್ರೈವ್ ಸಿದ್ಧಮಾಡಿದೆ. ಪಾರ್ಟಿಶನ್ ಸ್ಕೀಮ್ (ಡ್ರೈವನ್ನು ಭಾಗಗಳಾಗಿ ಹಂಚುವ ಕ್ರಮ) ಹಳೆಯ ಮಾದರಿಯ ಎಂಬಿಆರ್ ಇಟ್ಟಿದ್ದೆ. ಮನೆಯ 2011ರ ಡೆಸ್ಕ್‌ಟಾಪ್‌ಗೆ ಹಾಕಿದರೆ ಭಾಷೆ ಆರಿಸುವ ಪರದೆಯವರೆಗೂ ಬರುತ್ತದೆ. ಲ್ಯಾಪ್‌ಟಾಪ್‌ನ ಬೂಟ್ ಮೆನುವಿನಲ್ಲಿ ಮಾತ್ರ ಅದರ ಹೆಸರೇ ಇಲ್ಲ. ಇನ್ನೊಂದು ಪೆನ್‌ಡ್ರೈವ್‌ಗೆ, 2022ರಲ್ಲಿ ಇಳಿಸಿಟ್ಟಿದ್ದ ಲಿನಕ್ಸ್ ಮಿಂಟ್ 21 ಹಾಕಿ ನೋಡಿದೆ. ಅದು ಮೆನುವಿನಲ್ಲಿ ಕಾಣುತ್ತದೆ, ಆದರೆ ಆರಿಸಿದ ಕೂಡಲೇ ಕಪ್ಪು ಪರದೆಯ ಮೇಲೆ 'ಎಸ್‌ಬ್ಯಾಟ್', 'ಸೆಕ್ಯುರಿಟಿ ಪಾಲಿಸಿ ವಯೊಲೇಶನ್' ಎಂದು ಬಂದು ಲ್ಯಾಪ್‌ಟಾಪ್ ಆಫ್ ಆಗುತ್ತದೆ. ಎರಡನ್ನೂ ನಾಲ್ಕೈದು ಸಲ ಅಳಿಸಿ ಮಾಡಿದ್ದಾಯಿತು. ಹಾಳಾಗಿರುವುದು ಪೆನ್‌ಡ್ರೈವೋ, ಲ್ಯಾಪ್‌ಟಾಪ್‌ನ ಪೋರ್ಟೋ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಎರಡೂ ಹಾಳಾಗಿಲ್ಲ. ಪೋರ್ಟ್ ಕೆಟ್ಟಿದ್ದರೆ ಮಿಂಟ್ ಇರುವ ಪೆನ್‌ಡ್ರೈವ್ ಮೆನುವಿನಲ್ಲಿ ಕಾಣುತ್ತಲೇ ಇರಲಿಲ್ಲ. ಮೊದಲ ಪೆನ್‌ಡ್ರೈವ್ ಪೂರ್ತಿ ಕೆಟ್ಟಿದ್ದರೆ ಡೆಸ್ಕ್‌ಟಾಪ್‌ನಲ್ಲಿ ಭಾಷೆಯ ಪರದೆ ಬರುತ್ತಿರಲಿಲ್ಲ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಎರಡೂ ಒಂದೇ ಸಮಯಕ್ಕೆ ಎದುರಾಗಿವೆ. ಅದೇ ಐಎಸ್‌ಒ (ಇನ್‌ಸ್ಟಾಲ್ ಮಾಡಲು ಬೇಕಾದ್ದನ್ನೆಲ್ಲ ಒಂದೇ ಗಂಟಾಗಿ ಕಟ್ಟಿದ ಫೈಲ್), ಅದೇ ಆಯ್ಕೆಗಳನ್ನಿಟ್ಟು ಹತ್ತು ಸಲ ಮಾಡಿದರೂ ಹತ್ತು ಸಲವೂ ಇದೇ ಫಲಿತಾಂಶ ಬರುತ್ತದೆ. ಆದ್ದರಿಂದ ಪೆನ್‌ಡ್ರೈವನ್ನು ಇನ್ನೊಮ್ಮೆ ಅಳಿಸುವ ಮೊದಲು, ಅದು ಎಲ್ಲಿಯವರೆಗೆ ಹೋಗಿ ನಿಂತಿತು ಎಂಬುದನ್ನು ನೋಡಬೇಕು. ಮೆನುವಿನಲ್ಲಿ ಹೆಸರು ಬಾರದಿರುವುದು, ಹೆಸರು ಬಂದೂ ಒಳಗೆ ಬಿಡದಿರುವುದು, ಒಳಗೆ ಬಿಟ್ಟೂ ಲೋಗೋ ಬಳಿ ನಿಲ್ಲುವುದು, ಇನ್‌ಸ್ಟಾಲರ್ ಬಂದೂ ಎಸ್‌ಎಸ್‌ಡಿ ಕಾಣದಿರುವುದು: ಇವು ನಾಲ್ಕು ಬೇರೆ ಕಾಯಿಲೆಗಳು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ನಾಲ್ಕನೆಯದು ನಿಮಗೆ ಇನ್ನೂ ಎದುರಾಗಿಲ್ಲ, ಆದರೆ 11ನೇ ತಲೆಮಾರಿನ ಲ್ಯಾಪ್‌ಟಾಪ್ ಆದ್ದರಿಂದ ಎದುರಾಗುವ ಸಾಧ್ಯತೆ ಬಹಳ. ಅದನ್ನೂ ಇಲ್ಲೇ ಹೇಳುತ್ತೇನೆ.

ಬೇರೆ ಯಾವುದಕ್ಕೂ ಕೈಹಾಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಗೆ ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಶನ್' (ಕೀ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ಬೀಗ) ಹಾಕಿದೆಯೇ ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದು ತಾನಾಗಿಯೇ ಆನ್ ಆಗಿರುತ್ತದೆ, ಬಳಸುವವರಿಗೆ ಗೊತ್ತೇ ಇರುವುದಿಲ್ಲ. ಬಯೋಸ್ ಸೆಟಪ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ಹೋಗಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ಕಾವಲು) ಬದಲಿಸಿದರೆ ಮುಂದಿನ ಸಲ ವಿಂಡೋಸ್ ಶುರುವಾಗುವಾಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಆರು ಅಂಕಿಗಳ ಎಂಟು ಗುಂಪು. ಅದು ಇಲ್ಲದಿದ್ದರೆ ಫೈಲುಗಳು ಹೋದವೆಂದೇ ಲೆಕ್ಕ, ಯಾವ ಅಂಗಡಿಯವರೂ ತೆಗೆದುಕೊಡಲಾರರು. ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ, ಡಿವೈಸ್‌ಗಳ ಪಟ್ಟಿಯ ಕೆಳಗೆ ಈ ಕೀ ಸಿಗುತ್ತದೆ. ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿಟ್ಟರೆ ಉಪಯೋಗವಿಲ್ಲ. ಬೇಕಾದ ಫೈಲುಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿಕೊಂಡ ಮೇಲೆಯೇ ಮುಂದಿನ ಕೆಲಸ.

ಹೆಸರೇ ಬಾರದ ವಿಂಡೋಸ್ ಪೆನ್‌ಡ್ರೈವ್

ಹಳೆಯ ಬಯೋಸ್ ಬೂಟ್ ಮಾಡುವ ಕ್ರಮ ಬಹಳ ಸರಳ. ಪೆನ್‌ಡ್ರೈವಿನ ಮೊಟ್ಟಮೊದಲ 512 ಬೈಟ್ ಓದುತ್ತದೆ. ಅದರ ಕೊನೆಯ ಎರಡು ಬೈಟ್ 55 ಮತ್ತು ಎಎ ಆಗಿದ್ದರೆ ಅಲ್ಲಿರುವ ಸಣ್ಣ ಪ್ರೋಗ್ರಾಮನ್ನು ಓಡಿಸುತ್ತದೆ, ಮಿಕ್ಕಿದ್ದು ಆ ಪ್ರೋಗ್ರಾಮಿನ ಜವಾಬ್ದಾರಿ. ಫೈಲ್ ಸಿಸ್ಟಂ (ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ಏನು, ಫೋಲ್ಡರ್ ಏನು ಎಂಬುದು ಬಯೋಸ್‌ಗೆ ಬೇಕಿಲ್ಲ. ನಿಮ್ಮ 2011ರ ಡೆಸ್ಕ್‌ಟಾಪ್ ಮಾಡುತ್ತಿರುವುದು ಇದನ್ನೇ.

ಬಯೋಸ್‌ನ ಜಾಗಕ್ಕೆ ಬಂದ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಯುಇಎಫ್‌ಐ ಹಾಗಲ್ಲ. ಅದು ಪೆನ್‌ಡ್ರೈವಿನಲ್ಲಿ ಫ್ಯಾಟ್ ಎಂಬ ಫೈಲ್ ಸಿಸ್ಟಂ ಇರುವ ಪಾರ್ಟಿಶನ್ ಹುಡುಕುತ್ತದೆ. ಸಿಕ್ಕರೆ ಅದರೊಳಗೆ 'ಇಎಫ್‌ಐ' ಎಂಬ ಫೋಲ್ಡರ್, ಅದರೊಳಗೆ 'ಬೂಟ್' ಎಂಬ ಫೋಲ್ಡರ್, ಅದರೊಳಗೆ 'ಬೂಟ್‌ಎಕ್ಸ್64' ಎಂಬ ಫೈಲ್ ಇದೆಯೇ ನೋಡುತ್ತದೆ. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಿಗೆಲ್ಲ ಹೆಸರು ಇದೇ. ಹೆಸರಿನಲ್ಲಿ ಒಂದಕ್ಷರ ಆಚೀಚೆ ಆದರೂ, ಫೋಲ್ಡರ್ ಒಂದು ಮೆಟ್ಟಿಲು ಒಳಗೆ ಸೇರಿಕೊಂಡಿದ್ದರೂ ಅದರ ಪಾಲಿಗೆ ಅದು ಬರಿಯ ಪೆನ್‌ಡ್ರೈವ್. ಐಎಸ್‌ಒ ಫೈಲನ್ನೇ ಎಳೆದು ಪೆನ್‌ಡ್ರೈವಿಗೆ ಹಾಕಿದರೆ ಬೂಟ್ ಆಗದಿರುವುದು ಇದಕ್ಕೇ. ಬೇಕಾದ ಫೈಲ್ ಐಎಸ್‌ಒ ಎಂಬ ಗಂಟಿನೊಳಗೇ ಉಳಿದಿರುತ್ತದೆ.

ನೀವು ರೂಫಸ್‌ನಲ್ಲಿ ಎಂಬಿಆರ್ ಆರಿಸಿದಾಗ ಪಕ್ಕದ 'ಟಾರ್ಗೆಟ್ ಸಿಸ್ಟಂ' ಪೆಟ್ಟಿಗೆಯಲ್ಲಿ 'ಬಯೋಸ್ (ಅಥವಾ ಯುಇಎಫ್‌ಐ-ಸಿಎಸ್‌ಎಂ)' ಎಂದು ಬಂದಿರುತ್ತದೆ. ಅದನ್ನು ಬಹಳ ಜನ ಓದದೆ ಮುಂದೆ ಹೋಗುತ್ತಾರೆ. ಇಡೀ ಉತ್ತರ ಅಲ್ಲೇ ಇದೆ. ಸಿಎಸ್‌ಎಂ ಎಂದರೆ ಹೊಸ ಯಂತ್ರದೊಳಗೆ ಹಳೆ ಬಯೋಸ್‌ನಂತೆ ನಡೆದುಕೊಳ್ಳುವ ಒಂದು ಭಾಗ. ಅದನ್ನು 2020ರ ಹೊತ್ತಿಗೆ ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಆಮೇಲಿನ ಬಹುತೇಕ ಲ್ಯಾಪ್‌ಟಾಪ್‌ಗಳ ಸೆಟಪ್‌ನಲ್ಲಿ 'ಲೆಗಸಿ' ಎಂಬ ಆಯ್ಕೆಯೇ ಇಲ್ಲ. ಅಂದರೆ ನೀವು ಮಾಡಿದ್ದು ಡೆಸ್ಕ್‌ಟಾಪ್‌ಗೆ ಮಾತ್ರ ಹೊಂದುವ ಪೆನ್‌ಡ್ರೈವ್. ಹಳೆಯ ವೀಡಿಯೋಗಳಲ್ಲಿ 'ಎಂಬಿಆರ್ ಇಟ್ಟರೆ ಎಲ್ಲ ಕಡೆ ನಡೆಯುತ್ತದೆ' ಎಂದು ಹೇಳಿರುವುದು ಅಂದಿಗೆ ಸರಿಯಿದ್ದಿರಬಹುದು, ನಿಮ್ಮ ಲ್ಯಾಪ್‌ಟಾಪ್‌ಗೆ ಅನ್ವಯಿಸುವುದಿಲ್ಲ.

ಸರಿಪಡಿಸುವ ಬಗೆ ಹೀಗೆ. ರೂಫಸ್‌ನ ಈಗಿನ ಆವೃತ್ತಿ ಇಳಿಸಿಕೊಳ್ಳಿ. ಪೆನ್‌ಡ್ರೈವ್ ಹಾಕಿ, ಮೇಲ್ಗಡೆಯ ಡಿವೈಸ್ ಪೆಟ್ಟಿಗೆಯಲ್ಲಿ ಬಂದಿರುವುದು ಅದೇ ಹೌದೇ ಎಂದು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. ಐಎಸ್‌ಒ ಆರಿಸಿ. ಪಾರ್ಟಿಶನ್ ಸ್ಕೀಮ್ ಅನ್ನು ಹೊಸ ಮಾದರಿಯಾದ ಜಿಪಿಟಿಗೆ ಬದಲಿಸಿ. ಆಗ ಪಕ್ಕದ ಪೆಟ್ಟಿಗೆ ತಾನಾಗಿಯೇ 'ಯುಇಎಫ್‌ಐ (ನಾನ್ ಸಿಎಸ್‌ಎಂ)' ಆಗಬೇಕು. ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್ ಎಂದು ಬಂದಿದ್ದರೆ ಹಾಗೇ ಬಿಡಿ, ಕ್ಲಸ್ಟರ್ ಸೈಜ್ ಮುಟ್ಟಬೇಡಿ. ಸ್ಟಾರ್ಟ್ ಒತ್ತಿದ ಮೇಲೆ ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಬೇಕೆಂಬ ನಿಯಮ ತೆಗೆಯಲೇ, ಖಾತೆ ಕಡ್ಡಾಯ ತಪ್ಪಿಸಲೇ ಎಂದೆಲ್ಲ ಕೇಳುವ ಚಿಕ್ಕ ಕಿಟಕಿ ಬರುತ್ತದೆ. 11ನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇದೆ, ಟಿಪಿಎಂ 2.0 ಕೂಡ ಇರುತ್ತದೆ. ಹಾಗಾಗಿ ಮೊದಲ ಆಯ್ಕೆಗೆ ಗುರುತು ಹಾಕುವ ಅಗತ್ಯವಿಲ್ಲ. ಬಿಟ್‌ಲಾಕರ್ ತಾನಾಗಿ ಆನ್ ಆಗುವುದು ಬೇಡವೆಂದಿದ್ದರೆ ಅದಕ್ಕೂ ಅಲ್ಲಿ ಒಂದು ಆಯ್ಕೆ ಇದೆ. ಹಸಿರು ಪಟ್ಟಿ ತುಂಬಿ 'ರೆಡಿ' ಎಂದು ಬರುವವರೆಗೆ ಕಾಯಿರಿ. ನಡುವೆ ನಿಂತಂತೆ ಕಂಡರೂ ಕೀಳಬೇಡಿ, ದೊಡ್ಡ ಫೈಲ್ ಕಾಪಿ ಆಗುವಾಗ ಪಟ್ಟಿ ಬಹಳ ಹೊತ್ತು ಒಂದೇ ಕಡೆ ಇರುತ್ತದೆ.

ಇಲ್ಲಿ ಗಮನವಿಟ್ಟು ಓದುವವರಿಗೆ ಒಂದು ಅನುಮಾನ ಬರಬೇಕು: ಯುಇಎಫ್‌ಐಗೆ ಫ್ಯಾಟ್ ಬೇಕು ಎಂದಿರಿ, ಈಗ ಎನ್‌ಟಿಎಫ್‌ಎಸ್ ಬಿಡಿ ಎನ್ನುತ್ತೀರಿ, ಹೇಗೆ? ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ವಿಂಡೋಸ್ 11ರ ಐಎಸ್‌ಒದಲ್ಲಿ 'ಸೋರ್ಸಸ್' ಫೋಲ್ಡರಿನಲ್ಲಿರುವ 'ಇನ್‌ಸ್ಟಾಲ್.ವಿಮ್' ಎಂಬ ಫೈಲ್ ಆ ಗೆರೆ ದಾಟಿದೆ. ಅದಕ್ಕಾಗಿ ರೂಫಸ್ ದೊಡ್ಡ ಪಾರ್ಟಿಶನ್ನನ್ನು ಎನ್‌ಟಿಎಫ್‌ಎಸ್ ಮಾಡಿ, ಕೊನೆಯಲ್ಲಿ 1 ಎಂಬಿಯಷ್ಟು ಸಣ್ಣದೊಂದು ಫ್ಯಾಟ್ ಪಾರ್ಟಿಶನ್ ಸೇರಿಸುತ್ತದೆ. ಯುಇಎಫ್‌ಐ ಆ ಸಣ್ಣದರಿಂದ ಶುರುಮಾಡುತ್ತದೆ, ಅದರಲ್ಲಿರುವ ಪ್ರೋಗ್ರಾಮ್ ಎನ್‌ಟಿಎಫ್‌ಎಸ್ ಓದಲು ಬೇಕಾದ ಡ್ರೈವರ್ ಹಾಕಿಕೊಂಡು ದೊಡ್ಡದಕ್ಕೆ ದಾಟಿಸುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ, ಪೆನ್‌ಡ್ರೈವಿನ ಪಟ್ಟಿಯ ಬಲತುದಿಯಲ್ಲಿ ಆ ಚೂರು ಕಾಣುತ್ತದೆ. ಅದು ಕಂಡರೆ ಪೆನ್‌ಡ್ರೈವ್ ಸರಿಯಾಗಿ ಸಿದ್ಧವಾಗಿದೆ ಎಂದರ್ಥ. ಬೇಡದ್ದು ಎಂದುಕೊಂಡು ಅದನ್ನು ಅಳಿಸಿದವರ ಪೆನ್‌ಡ್ರೈವ್ ಮತ್ತೆ ಮೆನುವಿನಿಂದ ಮಾಯವಾಗುತ್ತದೆ.

ರೂಫಸ್‌ಗಿಂತ ನೇರದ ದಾರಿ ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಶನ್ ಟೂಲ್. ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬೇಕು. ಅದು ದೊಡ್ಡ ಫೈಲನ್ನು ಇನ್ನೂ ಗಟ್ಟಿಯಾಗಿ ಒತ್ತಿ 'ಇನ್‌ಸ್ಟಾಲ್.ಇಎಸ್‌ಡಿ' ಎಂಬ ರೂಪದಲ್ಲಿ 4 ಜಿಬಿ ಒಳಗೆ ಇಡುತ್ತದೆ. ಆದ್ದರಿಂದ ಪೂರ್ತಿ ಫ್ಯಾಟ್32 ಸಾಕು, ಸಣ್ಣ ಪಾರ್ಟಿಶನ್ನಿನ ಆಟವಿಲ್ಲ. ನಿಮಗೆ ವಿಂಡೋಸ್ 11 ಮಾತ್ರ ಬೇಕಿದ್ದರೆ ಇದನ್ನೇ ಬಳಸಿ. ಇಂಟರ್‌ನೆಟ್ ನಿಧಾನವಿದ್ದರೆ ಮಾತ್ರ ಕಷ್ಟ, ನೀವು ಇಳಿಸಿಟ್ಟ ಐಎಸ್‌ಒ ಅದಕ್ಕೆ ಬೇಡ, ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳುತ್ತದೆ.

ಎಚರ್ ಎಂಬ ಪ್ರೋಗ್ರಾಮಿನಿಂದ ವಿಂಡೋಸ್ ಐಎಸ್‌ಒ ಬರೆಯಲು ಹೋಗಬೇಡಿ. ಅದು ಐಎಸ್‌ಒವನ್ನು ಇದ್ದಂತೆಯೇ, ಬೈಟ್‌ಗೆ ಬೈಟ್, ಪೆನ್‌ಡ್ರೈವಿನ ಮೇಲೆ ಇಳಿಸುತ್ತದೆ. ಲಿನಕ್ಸ್ ಐಎಸ್‌ಒಗಳನ್ನು ಹಾಗೆ ಬರೆಯಲೆಂದೇ ಪಾರ್ಟಿಶನ್ ಪಟ್ಟಿ ಒಳಗಿಟ್ಟು ಕಟ್ಟಿರುತ್ತಾರೆ. ವಿಂಡೋಸ್ ಐಎಸ್‌ಒದಲ್ಲಿ ಅದಿಲ್ಲ. ಎಚರ್ ಕೂಡ ಪಾರ್ಟಿಶನ್ ಟೇಬಲ್ ಇಲ್ಲ ಎಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋದರೆ ಸಿಗುವುದು ಬೂಟ್ ಆಗದ ಪೆನ್‌ಡ್ರೈವ್.

ಸರಿಯಾಗಿ ಮಾಡಿದ ಮೇಲೂ ಹೆಸರು ಬಾರದಿದ್ದರೆ

ಆಗ ಪೆನ್‌ಡ್ರೈವ್ ಬಿಟ್ಟು ಲ್ಯಾಪ್‌ಟಾಪ್ ಕಡೆ ನೋಡಿ. ವಿಂಡೋಸ್‌ನಲ್ಲಿ ಶಟ್‌ಡೌನ್ ಕೊಟ್ಟಾಗ ಯಂತ್ರ ಪೂರ್ತಿ ಆಫ್ ಆಗುವುದಿಲ್ಲ. 'ಫಾಸ್ಟ್ ಸ್ಟಾರ್ಟಪ್' ಇದ್ದರೆ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಬಯೋಸ್‌ನ ತನ್ನದೇ 'ಫಾಸ್ಟ್ ಬೂಟ್' ಬೇರೆ ಇರುತ್ತದೆ, ಅದು ಸಮಯ ಉಳಿಸಲು ಯುಎಸ್‌ಬಿ ಸಾಧನಗಳನ್ನು ಎಬ್ಬಿಸದೇ ಮುಂದೆ ಹೋಗುತ್ತದೆ. ಎರಡರ ಹೆಸರೂ ಹತ್ತಿರ, ಇರುವ ಜಾಗ ಬೇರೆ ಬೇರೆ. ಈ ಎರಡನ್ನೂ ದಾಟುವ ಸುಲಭ ದಾರಿಯೆಂದರೆ, ಪೆನ್‌ಡ್ರೈವ್ ಹಾಕಿಟ್ಟು, ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡುವುದು. ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿದರೆ ಪೆನ್‌ಡ್ರೈವಿನ ಹೆಸರು ಅಲ್ಲೇ ಕಾಣುತ್ತದೆ. ಸರಿಯಾದ ಕ್ಷಣಕ್ಕೆ ಕೀ ಒತ್ತುವ ಪರದಾಟವೇ ಇಲ್ಲ.

ಕೀ ಒತ್ತಿಯೇ ಹೋಗುವುದಾದರೆ ಡೆಲ್, ಲೆನೊವೊ, ಏಸರ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಎಂಎಸ್‌ಐಯಲ್ಲಿ ಎಫ್11. ಕೆಲವು ಕೀಬೋರ್ಡುಗಳಲ್ಲಿ ಎಫ್‌ಎನ್ ಜೊತೆಗೂಡಿಸಿ ಒತ್ತಬೇಕು. ಏಸರ್‌ನಲ್ಲಿ ಎಫ್12 ಮೆನು ಮೊದಲು ಆಫ್ ಆಗಿರುವುದು ಸಾಮಾನ್ಯ, ಎಫ್2 ಒತ್ತಿ ಸೆಟಪ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು. ಹಾಗೆಯೇ ಸೆಟಪ್‌ನಲ್ಲಿ 'ಯುಎಸ್‌ಬಿ ಬೂಟ್' ಆಫ್ ಆಗಿದೆಯೇ ನೋಡಿ, ಕಚೇರಿಗಳಲ್ಲಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಅದನ್ನು ಮುಚ್ಚಿರುತ್ತಾರೆ. ಪೆನ್‌ಡ್ರೈವನ್ನು ಹಬ್‌ಗಾಗಲಿ, ಟೈಪ್-ಸಿ ಡಾಕ್‌ಗಾಗಲಿ ಹಾಕದೆ ನೇರವಾಗಿ ಲ್ಯಾಪ್‌ಟಾಪ್‌ಗೇ ಹಾಕಿ. ಎರಡು ಪೋರ್ಟ್ ಇದ್ದರೆ ಎರಡರಲ್ಲೂ ನೋಡಿ.

ಒಳಗೆ ಬಿಡದ ಮಿಂಟ್ ಪೆನ್‌ಡ್ರೈವ್

ಇದು ಹೆಚ್ಚು ಕುತೂಹಲದ ಪ್ರಕರಣ. ಪೆನ್‌ಡ್ರೈವನ್ನು ನೀವು ಸರಿಯಾಗಿಯೇ ಮಾಡಿದ್ದೀರಿ. ಯುಇಎಫ್‌ಐ ಅದನ್ನು ಕಂಡಿದೆ, ಬೂಟ್ ಫೈಲನ್ನು ಓದಿದೆ, ಸಹಿಯನ್ನೂ ಒಪ್ಪಿದೆ. ಆಮೇಲೆ ಆ ಫೈಲೇ ತನ್ನನ್ನು ತಾನು ಪರೀಕ್ಷಿಸಿಕೊಂಡು, ನಾನು ಹಳೆಯವನು ಎಂದು ಕಂಡುಕೊಂಡು ಯಂತ್ರವನ್ನು ಆಫ್ ಮಾಡಿದೆ.

ಹಿನ್ನೆಲೆ ಇಷ್ಟು. ಸೆಕ್ಯೂರ್ ಬೂಟ್ ಆನ್ ಇದ್ದಾಗ ಮೈಕ್ರೋಸಾಫ್ಟ್ ಸಹಿ ಇರುವ ಫೈಲ್ ಮಾತ್ರ ಓಡುತ್ತದೆ. ಲಿನಕ್ಸ್ ವಿತರಣೆಗಳು ಅದಕ್ಕೆ 'ಶಿಮ್' ಎಂಬ ಪುಟ್ಟ ಪ್ರೋಗ್ರಾಮಿಗೆ ಸಹಿ ಹಾಕಿಸಿಕೊಂಡಿವೆ. ಶಿಮ್, ಲಿನಕ್ಸ್ ಶುರುಮಾಡುವ ಬೂಟ್‌ಲೋಡರಾದ ಗ್ರಬ್ಬನ್ನು ಎಬ್ಬಿಸುತ್ತದೆ, ಗ್ರಬ್ ಕರ್ನಲ್ಲನ್ನು. 2020ರ ಜುಲೈನಲ್ಲಿ ಗ್ರಬ್‌ನಲ್ಲಿ 'ಬೂಟ್‌ಹೋಲ್' ಎಂಬ ದೋಷ ಬಯಲಾಯಿತು. ದೋಷವಿರುವ ಹಳೆಯ ಫೈಲುಗಳನ್ನೆಲ್ಲ ಒಂದೊಂದಾಗಿ ನಿಷೇಧಿತ ಪಟ್ಟಿಗೆ ಸೇರಿಸಬೇಕಾಯಿತು. ಆ ಪಟ್ಟಿ ಇರುವುದು ಮದರ್‌ಬೋರ್ಡಿನ ಸಣ್ಣ ಚಿಪ್ಪಿನಲ್ಲಿ, ಅಲ್ಲಿ ಜಾಗ ಕಿಲೋಬೈಟ್‌ಗಳ ಲೆಕ್ಕದಲ್ಲಿ. ಹೀಗೇ ಹೋದರೆ ಜಾಗ ಮುಗಿಯುತ್ತದೆ ಎಂದು ಎಸ್‌ಬ್ಯಾಟ್ ಎಂಬ ಕ್ರಮ ತಂದರು. ಪ್ರತಿ ಬೂಟ್‌ಲೋಡರಿಗೂ ಒಂದು ತಲೆಮಾರಿನ ಸಂಖ್ಯೆ. 'ಇಂಥ ಸಂಖ್ಯೆಗಿಂತ ಹಳೆಯದು ಬೇಡ' ಎಂಬ ಒಂದು ಸಾಲು ಚಿಪ್ಪಿನಲ್ಲಿದ್ದರೆ ಸಾಕು. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಆ ಸಾಲನ್ನು ಮೇಲಕ್ಕೇರಿಸಿತು. 2024ರ ಜನವರಿಯಲ್ಲಿ ಬಂದ ಶಿಮ್ 15.8ಕ್ಕಿಂತ ಹಳೆಯವೆಲ್ಲ ಆ ಸಾಲಿನ ಕೆಳಗೆ ಬಿದ್ದವು. 2022ರ ಮಿಂಟ್ 21 ಸಹಜವಾಗಿಯೇ ಅದರಲ್ಲಿ ಸೇರಿದೆ.

ಗಮನಿಸಬೇಕಾದ ಅಂಶವೆಂದರೆ ಈ ಸಾಲು ಇರುವುದು ಪೆನ್‌ಡ್ರೈವಿನಲ್ಲೂ ಅಲ್ಲ, ಎಸ್‌ಎಸ್‌ಡಿಯಲ್ಲೂ ಅಲ್ಲ. ಆದ್ದರಿಂದ ಪೆನ್‌ಡ್ರೈವ್ ಬದಲಿಸಿದರೂ, ರೂಫಸ್ ಬಿಟ್ಟು ಎಚರ್ ಹಿಡಿದರೂ, ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿದರೂ ಅದು ಹೋಗುವುದಿಲ್ಲ. ನಿಮ್ಮ ನಾಲ್ಕೈದು ಪ್ರಯತ್ನಗಳು ವ್ಯರ್ಥವಾದದ್ದು ಇದಕ್ಕೇ. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ ಎಂಬುದೇ ಇಲ್ಲ, ಅಲ್ಲಿ ಇದೇ ಪೆನ್‌ಡ್ರೈವ್ ತಕರಾರಿಲ್ಲದೆ ನಡೆಯಬೇಕು.

ಪರಿಹಾರ: ಹೊಸ ಐಎಸ್‌ಒ ಇಳಿಸಿ. ಮಿಂಟ್ 22ರ ಸರಣಿಯಲ್ಲಿ ಈಗ ಸಿಗುವ ಇತ್ತೀಚಿನದನ್ನು ತೆಗೆದುಕೊಳ್ಳಿ. ಸೆಕ್ಯೂರ್ ಬೂಟ್ ಮುಟ್ಟುವ ಅಗತ್ಯವೇ ಬೀಳದು. ಹಳೆಯ ಐಎಸ್‌ಒ ಯಾವುದೋ ಕಾರಣಕ್ಕೆ ಬೇಕೇ ಬೇಕೆಂದರೆ ಮಾತ್ರ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಕೆಲಸ ಮುಗಿದ ಮೇಲೆ ಆನ್ ಮಾಡಿ. ಮೊದಲೇ ಹೇಳಿದ 48 ಅಂಕಿಗಳ ಕೀ ಕೈಯಲ್ಲಿರಲಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಮಸುಕಾಗಿದ್ದು ಒತ್ತಲು ಬರುವುದಿಲ್ಲ. ಏಸರ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟ ಮೇಲೆ ತೆರೆದುಕೊಳ್ಳುತ್ತದೆ. ಆ ಪಾಸ್‌ವರ್ಡನ್ನೂ ಬರೆದಿಡಿ, ಕೆಲಸವಾದ ಮೇಲೆ ತೆಗೆದುಬಿಡಿ. ಮರೆತರೆ ಸರ್ವಿಸ್ ಸೆಂಟರಿಗೇ ಹೋಗಬೇಕಾಗುತ್ತದೆ. ಅದೇ ಪುಟದಲ್ಲಿರುವ, ಕೀಗಳನ್ನು ಅಳಿಸುವ ಆಯ್ಕೆಗಳ ಹತ್ತಿರ ಹೋಗಬೇಡಿ. ಕೈತಪ್ಪಿ ಅಳಿಸಿದ್ದರೆ 'ಫ್ಯಾಕ್ಟರಿ ಕೀ'ಗಳನ್ನು ವಾಪಸ್ ತರುವ ಆಯ್ಕೆಯೂ ಅಲ್ಲೇ ಇರುತ್ತದೆ.

ಸೆಕ್ಯೂರ್ ಬೂಟ್ ತಡೆಯುವ ಇನ್ನೆರಡು ಸಂದರ್ಭಗಳನ್ನೂ ತಿಳಿದಿರಿ. 2022ರಿಂದೀಚೆಗಿನ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ವಿಂಡೋಸ್‌ಗೆಂದೇ ಇರುವ ಸಹಿಯನ್ನು ಮಾತ್ರ ಒಪ್ಪಿ, ಲಿನಕ್ಸ್ ಮುಂತಾದವಕ್ಕೆ ಮೈಕ್ರೋಸಾಫ್ಟ್ ಹಾಕುವ 'ಥರ್ಡ್ ಪಾರ್ಟಿ' ಸಹಿಯನ್ನು ಕಾರ್ಖಾನೆಯಲ್ಲೇ ಆಫ್ ಮಾಡಿರುತ್ತಾರೆ. ಸೆಟಪ್‌ನಲ್ಲಿ ಅದಕ್ಕೆ ಬೇರೆ ಸ್ವಿಚ್ಚಿದೆ. ಅದು ಆಫ್ ಇದ್ದರೆ ಲಿನಕ್ಸ್ ಮಾತ್ರವಲ್ಲ, ರೂಫಸ್‌ನ ಎನ್‌ಟಿಎಫ್‌ಎಸ್ ಪೆನ್‌ಡ್ರೈವ್ ಕೂಡ ನಿಲ್ಲುತ್ತದೆ, ಏಕೆಂದರೆ ಆ 1 ಎಂಬಿ ಚೂರಿನಲ್ಲಿರುವ ಪ್ರೋಗ್ರಾಮಿಗೂ ಇರುವುದು ಅದೇ ಸಹಿ. ಅಲ್ಲಿ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಮಾಡಿದ್ದೇ ನಡೆಯುವುದು. ಇನ್ನೊಂದು, ವೆಂಟಾಯ್. ಒಂದೇ ಪೆನ್‌ಡ್ರೈವಿನಲ್ಲಿ ಹತ್ತಾರು ಐಎಸ್‌ಒ ಇಟ್ಟುಕೊಳ್ಳುವವರಿಗೆ ಅದು ಬಹಳ ಅನುಕೂಲ. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಮೊದಲ ಸಲ 'ವೆರಿಫಿಕೇಶನ್ ಫೇಲ್ಡ್' ಎಂಬ ನೀಲಿ ಪರದೆ ಬರುತ್ತದೆ. ಅದು ದೋಷವಲ್ಲ. ಓಕೆ ಒತ್ತಿ, ಡಿಸ್ಕಿನಿಂದ ಕೀ ಸೇರಿಸುವ ಆಯ್ಕೆಗೆ ಹೋಗಿ, ವೆಂಟಾಯ್‌ನ ಸಣ್ಣ ಪಾರ್ಟಿಶನ್ ತೆರೆದು ಅಲ್ಲಿರುವ ಕೀ ಫೈಲನ್ನು ಸೇರಿಸಿದರೆ ಆ ಯಂತ್ರದಲ್ಲಿ ಮತ್ತೆ ಕೇಳುವುದಿಲ್ಲ.

ಲೋಗೋ ಬಳಿ ನಿಂತರೆ

ಬೂಟ್ ಶುರುವಾಗಿ ಅರ್ಧಕ್ಕೆ ನಿಂತರೆ ಅಥವಾ ಕಾಪಿ ಆಗುವಾಗ ಫೈಲ್ ಸಿಗಲಿಲ್ಲ ಎಂದು ಬಂದರೆ, ಆಗ ಐಎಸ್‌ಒ ಮತ್ತು ಪೆನ್‌ಡ್ರೈವ್ ಮೇಲೆ ಸಂಶಯಪಡುವುದು ಸರಿ. ಡೆಸ್ಕ್‌ಟಾಪ್‌ನಲ್ಲಿ ಭಾಷೆಯ ಪರದೆ ಬಂತೆಂದು ಇಡೀ ಪೆನ್‌ಡ್ರೈವ್ ಚೆನ್ನಾಗಿದೆ ಎಂದು ತಿಳಿಯಬೇಡಿ. ಅಲ್ಲಿಯವರೆಗೆ ಓದಿರುವುದು 'ಬೂಟ್.ವಿಮ್' ಎಂಬ ಸಣ್ಣ ಫೈಲನ್ನು ಮಾತ್ರ. ದೊಡ್ಡ 'ಇನ್‌ಸ್ಟಾಲ್.ವಿಮ್' ಓದುವ ಹೊತ್ತು ಬರುವುದು ಕಾಪಿ ಶುರುವಾದ ಮೇಲೆ.

ಐಎಸ್‌ಒ ಪೂರ್ತಿ ಇಳಿದಿದೆಯೇ ನೋಡಲು ರೂಫಸ್‌ನಲ್ಲಿ ಸೆಲೆಕ್ಟ್ ಬಟನ್ನಿನ ಪಕ್ಕ ಒಂದು ಸಣ್ಣ ಸರಿ ಗುರುತಿದೆ. ಅದನ್ನು ಒತ್ತಿದರೆ 64 ಅಕ್ಷರಗಳ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಗುರುತು) ತೋರಿಸುತ್ತದೆ. ಮಿಂಟ್ ಆಗಲಿ ಮೈಕ್ರೋಸಾಫ್ಟ್ ಆಗಲಿ ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಮೊತ್ತದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನಡುನಡುವೆ ಕಡಿದು ಇಳಿದ ಐಎಸ್‌ಒಗಳಲ್ಲಿ ಇದು ತಪ್ಪುವುದುಂಟು. ಗಾತ್ರ ಸರಿಯಿದ್ದರೂ ಒಳಗೆ ಹಾಳಾಗಿರಬಹುದು.

ಪೆನ್‌ಡ್ರೈವ್ ನಕಲಿಯಾಗಿರುವುದು ಇನ್ನೊಂದು ಕಾರಣ. 64 ಜಿಬಿ ಎಂದು ಬರೆದು ಒಳಗೆ 8 ಜಿಬಿ ಚಿಪ್ ಇಟ್ಟು, ಕಂಟ್ರೋಲರ್‌ಗೆ ಸುಳ್ಳು ಹೇಳಿಸಿರುತ್ತಾರೆ. ವಿಂಡೋಸ್ 58 ಜಿಬಿಯಷ್ಟು ಖಾಲಿ ತೋರಿಸುತ್ತದೆ, ಕಾಪಿ ಕೂಡ ತಪ್ಪಿಲ್ಲದೆ ಮುಗಿಯುತ್ತದೆ. ಆದರೆ 8 ಜಿಬಿ ದಾಟಿದ ಮೇಲೆ ಬರೆದದ್ದು ಎಲ್ಲಿಯೂ ಉಳಿದಿರುವುದಿಲ್ಲ, ಅಥವಾ ಮೊದಲಿನದರ ಮೇಲೆಯೇ ಬಿದ್ದಿರುತ್ತದೆ. ರೂಫಸ್‌ನ ಹೆಚ್ಚಿನ ಆಯ್ಕೆಗಳಲ್ಲಿ 'ಬ್ಯಾಡ್ ಬ್ಲಾಕ್ಸ್' ಪರೀಕ್ಷೆಗೆ ಗುರುತು ಹಾಕಿದರೆ ಸಿಕ್ಕಿಬೀಳುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪ್ರೋಗ್ರಾಮ್ ಇದಕ್ಕೆಂದೇ ಇದೆ, ಖಾಲಿ ಜಾಗವನ್ನೆಲ್ಲ ತುಂಬಿಸಿ ಮತ್ತೆ ಓದಿ ಹೋಲಿಸುತ್ತದೆ. ಸೆಕೆಂಡಿಗೆ 10 ಎಂಬಿ ಬರೆಯುವ 32 ಜಿಬಿ ಪೆನ್‌ಡ್ರೈವಾದರೆ ಬರೆಯುವುದಕ್ಕೇ ಸುಮಾರು 50 ನಿಮಿಷ ಬೇಕು. ಹೊಸ ಪೆನ್‌ಡ್ರೈವ್ ಕೊಂಡಾಗ ಒಮ್ಮೆ ಇಷ್ಟು ಸಮಯ ಕೊಡುವುದು ಒಳ್ಳೆಯದು.

ಮಿಂಟ್‌ನಲ್ಲಿ ಮೆನು ಬಂದು ಆಮೇಲೆ ಪರದೆ ಕಪ್ಪಾದರೆ ಅದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ವಿಷಯ. ಎನ್ವಿಡಿಯಾ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ. ಮೆನುವಿನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ ಹೋಗಿ.

ಎಲ್ಲ ಸರಿಹೋಗಿ ಎಸ್‌ಎಸ್‌ಡಿಯೇ ಕಾಣದಿದ್ದರೆ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದನ್ನು ನಿರೀಕ್ಷಿಸಿಯೇ ಕೂರಿ. ವಿಂಡೋಸ್ ಎಲ್ಲಿಗೆ ಹಾಕಬೇಕು ಎಂದು ಕೇಳುವ ಪರದೆಯಲ್ಲಿ ಪಟ್ಟಿ ಖಾಲಿ ಇರುತ್ತದೆ, ಅಥವಾ ಪೆನ್‌ಡ್ರೈವ್ ಒಂದೇ ಕಾಣುತ್ತದೆ. 512 ಜಿಬಿ ಎಸ್‌ಎಸ್‌ಡಿ ಸತ್ತಿತು ಎಂದು ಗಾಬರಿಯಾಗಬೇಡಿ. 11ನೇ ತಲೆಮಾರಿನಿಂದ ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ವಿಎಂಡಿ ಎಂಬ ಕಂಟ್ರೋಲರಿನ ಹಿಂದೆ ಇಟ್ಟಿರುತ್ತಾರೆ. ಅದರ ಡ್ರೈವರ್ ವಿಂಡೋಸ್ ಇನ್‌ಸ್ಟಾಲರಿನಲ್ಲಿ ಇರದಿದ್ದರೆ ಎಸ್‌ಎಸ್‌ಡಿ ಕಾಣುವುದಿಲ್ಲ.

ಲ್ಯಾಪ್‌ಟಾಪ್ ಕಂಪನಿಯ ಬೆಂಬಲ ಪುಟದಲ್ಲಿ ನಿಮ್ಮ ಮಾದರಿಗೆ 'ಇಂಟೆಲ್ ರ‍್ಯಾಪಿಡ್ ಸ್ಟೋರೇಜ್' ಡ್ರೈವರ್ ಇರುತ್ತದೆ. ಅದನ್ನು ಈಗಲೇ ಇಳಿಸಿ, ಬಿಚ್ಚಿ, ಐಎನ್‌ಎಫ್ ಮತ್ತು ಸಿಸ್ ಫೈಲುಗಳು ಕಾಣುವ ಫೋಲ್ಡರನ್ನು ವಿಂಡೋಸ್ ಪೆನ್‌ಡ್ರೈವಿಗೇ ಕಾಪಿ ಮಾಡಿಡಿ. ಇಎಕ್ಸ್‌ಇ ಫೈಲನ್ನೇ ಇಟ್ಟರೆ ಇನ್‌ಸ್ಟಾಲರ್‌ಗೆ ಅರ್ಥವಾಗದು. ಆ ಪರದೆಯಲ್ಲಿ 'ಲೋಡ್ ಡ್ರೈವರ್' ಒತ್ತಿ ಫೋಲ್ಡರ್ ತೋರಿಸಿ. ಹೆಸರಿನಲ್ಲಿ ವಿಎಂಡಿ ಇರುವ ಸಾಲನ್ನು ಆರಿಸಿದರೆ ಕೆಲವು ಸೆಕೆಂಡಿನಲ್ಲಿ ಎಸ್‌ಎಸ್‌ಡಿ ಪಟ್ಟಿಗೆ ಬರುತ್ತದೆ.

ಸೆಟಪ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವ ದಾರಿಯೂ ಇದೆ. ಏಸರ್‌ನಲ್ಲಿ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಬಚ್ಚಿಟ್ಟ ಆ ಆಯ್ಕೆ ಕಾಣುತ್ತದೆ. ಆದರೆ ಆಫ್ ಮಾಡಿದ ಕೂಡಲೇ ಈಗಿರುವ ವಿಂಡೋಸ್ 10 ನೀಲಿ ಪರದೆಗೆ ಬಿದ್ದು ಶುರುವಾಗುವುದಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕುವವರಿಗೆ ಅದರಿಂದ ತೊಂದರೆಯಿಲ್ಲ. ಹಳೆಯದನ್ನು ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಮುಟ್ಟಬಾರದು. ನಿಮಗೆ ನನ್ನ ಸಲಹೆ ಡ್ರೈವರ್ ದಾರಿಯೇ.

ಕಾಪಿ ಮುಗಿದು ಮೊದಲ ಸಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ಕಿತ್ತುಬಿಡಿ. ಇಲ್ಲದಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ಮತ್ತೆ ಅದರಿಂದಲೇ ಬೂಟ್ ಆಗಿ ಭಾಷೆ ಕೇಳುವ ಪರದೆಗೇ ಬರುತ್ತವೆ. ಇನ್‌ಸ್ಟಾಲ್ ಆಗಲೇ ಇಲ್ಲ ಎಂದು ಬಗೆದು ಇನ್ನೊಮ್ಮೆ ಮೊದಲಿಂದ ಶುರುಮಾಡಬೇಡಿ. ಆಮೇಲೆ ಪೆನ್‌ಡ್ರೈವನ್ನು ಮಾಮೂಲಿ ಬಳಕೆಗೆ ತರಬೇಕಾದಾಗ, ಅದರಲ್ಲೂ ಎಚರ್‌ನಿಂದ ಬರೆದದ್ದಾದರೆ, ವಿಂಡೋಸ್ ಅದನ್ನು ಕೆಲವೇ ಎಂಬಿಯದೆಂದು ತೋರಿಸಬಹುದು. ರೂಫಸ್ ತೆರೆದು ಬೂಟ್ ಸೆಲೆಕ್ಷನ್‌ನಲ್ಲಿ 'ನಾನ್ ಬೂಟಬಲ್' ಆರಿಸಿ ಸ್ಟಾರ್ಟ್ ಕೊಟ್ಟರೆ ಪೂರ್ತಿ ಗಾತ್ರ ವಾಪಸ್ ಬರುತ್ತದೆ. 32 ಜಿಬಿಯದು ವಿಂಡೋಸ್‌ನಲ್ಲಿ 29 ಜಿಬಿಯ ಆಸುಪಾಸು ಕಾಣುವುದೇ ಸರಿಯಾದ ಲೆಕ್ಕ.